ಹಸ್ತಾಂತರಕ್ಕೆ ಜೈಲಿನ ಕೋಣೆ ಅಡ್ಡ ಬಂದದ್ದು ಹೇಗೆ?

ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆಯ ಆರೋಪಿ, ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿಯನ್ನು ಬೆಲ್ಜಿಯಂನಿಂದ ಕರೆತರಲು ಭಾರತ 2025ರಲ್ಲಿ ಅಲ್ಲಿಗೆ ಒಂದು ಭರವಸೆ ಪತ್ರ ಕಳಿಸಿತು. ಇರಿಸುವ ಜಾಗ ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್. ಸಾಮಾನು ಸರಂಜಾಮು ಬಿಟ್ಟು ತಲಾ ಕನಿಷ್ಠ 3 ಚದರ ಮೀಟರ್ ಜಾಗ. ದಪ್ಪ ಹತ್ತಿ ಹಾಸು, ದಿಂಬು, ಹೊದಿಕೆ, ಫ್ಯಾನು, ಶುದ್ಧ ನೀರು, ಮೂರು ಹೊತ್ತು ಊಟ. ಆರೋಪ ಹೊತ್ತು ದೇಶ ಬಿಟ್ಟವರಿಗೆ ಇಷ್ಟೆಲ್ಲ ಉಪಚಾರ ಯಾಕೆ ಅಂತ ಶಿವಮೊಗ್ಗದಲ್ಲೂ ಸಿಟ್ಟಾದವರು ಇದ್ದಾರೆ. ಸಿಟ್ಟು ಸಹಜವೇ. ಆದರೆ ಈ ಪಟ್ಟಿ ಸುಮ್ನೆ ಹುಟ್ಟಿದ್ದಲ್ಲ.

ಬ್ರಿಟಿಷರ 1903ರ ಕಾಯ್ದೆಯಿಂದ ನಮ್ಮ 1962ರ ಹಸ್ತಾಂತರ (ಆರೋಪಿಯನ್ನು ಒಂದು ದೇಶ ಇನ್ನೊಂದಕ್ಕೆ ಒಪ್ಪಿಸುವ) ಕಾಯ್ದೆವರೆಗೆ, ಆಮೇಲೂ ಬಹಳ ಕಾಲ, ಚರ್ಚೆ ಇದ್ದದ್ದು ಅಪರಾಧ ಮತ್ತು ಸಾಕ್ಷ್ಯದ ಸುತ್ತ. 1989ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಸೋರಿಂಗ್ ಪ್ರಕರಣದಲ್ಲಿ ಹೊಸ ಮಾತು ಹೇಳಿತು: ಅಮಾನವೀಯವಾಗಿ ನಡೆಸಿಕೊಳ್ಳುವ ಅಪಾಯವಿದೆ ಅಂತ ಗೊತ್ತಿದ್ದೂ ಕಳಿಸಿದರೆ, ಕಳಿಸಿದ ದೇಶವೂ ಹೊಣೆ. 1993ರ ಮುಂಬೈ ಸ್ಫೋಟದ ಆರೋಪಿ ಅಬು ಸಲೇಂನನ್ನು 2005ರಲ್ಲಿ ಪೋರ್ಚುಗಲ್‌ನಿಂದ ತರುವಾಗ ಮರಣದಂಡನೆ ಇಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲೂ ಇಲ್ಲ ಎಂದು ಭಾರತ ಮಾತು ಕೊಟ್ಟಿತ್ತು. ಆ ಮಾತಿಗೆ ಸರ್ಕಾರ ಬದ್ಧ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 1995ರಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ ಪ್ರಕರಣದ ಆರೋಪಿಯನ್ನು ಮಾತ್ರ, ಇಲ್ಲಿ ಚಿತ್ರಹಿಂಸೆಯ ಅಪಾಯವಿದೆ ಎಂದು ಡೆನ್ಮಾರ್ಕ್ ಕೋರ್ಟುಗಳು 2011ರಲ್ಲೂ 2024ರಲ್ಲೂ ಕಳಿಸಿಕೊಡಲಿಲ್ಲ.

ಕೋಣೆಯ ಅಳತೆ, ಗಾಳಿ, ಬೆಳಕಿನವರೆಗೆ ಮಾತು ಇಳಿದದ್ದು ಲಂಡನ್ನಿನಲ್ಲಿ. ಕ್ರಿಕೆಟ್ ಫಿಕ್ಸಿಂಗ್ ಆರೋಪಿ ಸಂಜೀವ್ ಚಾವ್ಲಾನನ್ನು ಕಳಿಸಲು 2017ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೋರ್ಟ್ ಒಪ್ಪಲಿಲ್ಲ. ದೆಹಲಿಯ ತಿಹಾರ್ ಜೈಲಿನ ಸ್ಥಿತಿಯೇ ಕಾರಣ. ಭಾರತ ವಿವರವಾದ ಭರವಸೆ ಕೊಟ್ಟ ಮೇಲೆ ಹೈಕೋರ್ಟ್ ದಾರಿ ಬಿಟ್ಟಿತು, 2020ರಲ್ಲಿ ಆತನನ್ನು ಕರೆತಂದರು. ಈ ನಡುವೆ ವಿಜಯ್ ಮಲ್ಯ ಪ್ರಕರಣ ಬಂತು. ನಮ್ಮವರು ಆರ್ಥರ್ ರೋಡಿನ ಅದೇ 12ನೇ ಬ್ಯಾರಕ್ಕಿನ ಕೋಣೆಯ ಫೋಟೋಗಳನ್ನು ಕೊಟ್ಟಿದ್ದರು. ನ್ಯಾಯಾಧೀಶೆ ಎಮ್ಮಾ ಆರ್ಬತ್‌ನಾಟ್ ಅದು ಸಾಲದು ಎಂದರು. ವಿಡಿಯೊ ಬೇಕು, ಕಿಟಕಿಯಿಂದ ಹಗಲು ಬೆಳಕು ಒಳಗೆ ಬೀಳುವುದು ಕಾಣಬೇಕು ಎಂದರು. ವಿಡಿಯೊ ಹೋಯಿತು. 2018ರ ಡಿಸೆಂಬರ್ ತೀರ್ಪಿನಲ್ಲಿ ಅವರು ಅದನ್ನು ಒಪ್ಪಿಕೊಂಡರು, ಬ್ಯಾರಕ್ಕನ್ನು ಈಚೆಗೆ ಹೊಸದಾಗಿ ಸಿಂಗರಿಸಲಾಗಿದೆ ಅನ್ನೋದನ್ನೂ ಬರೆದರು. ಆ ಒಂದು ಸಾಲು ನನಗೆ ಇವತ್ತಿಗೂ ಚುಚ್ಚುತ್ತದೆ. ಹೊರಗಿನವರು ಕೇಳುತ್ತಾರೆ ಅಂದರೆ ಬಣ್ಣ ಬೀಳುತ್ತದೆ, ಅಲ್ವಾ?

ಎಲ್ಲ ಸಲವೂ ಭರವಸೆ ನಡೆಯುವುದಿಲ್ಲ. 2025ರ ಫೆಬ್ರವರಿಯಲ್ಲಿ ಬ್ರಿಟನ್ ಹೈಕೋರ್ಟ್ ತೆರಿಗೆ ವಂಚನೆಯ ಆರೋಪಿ, ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿಯನ್ನು ಕಳಿಸಲು ಒಪ್ಪಲಿಲ್ಲ. ತಿಹಾರ್‌ನಲ್ಲಿ ಹಿಂಸೆ, ಸುಲಿಗೆಯ ಅಪಾಯವಿದೆ ಎಂದಿತು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ. ಅನುಮೋದನೆ ಇನ್ನೂ ಆಗಿಲ್ಲ.

ಈಗ ನಮ್ಮ ಕಡೆಗೆ ಬರೋಣ. ದೇಶದ ಜೈಲುಗಳಲ್ಲಿ 2022ರ ಕೊನೆಗೆ ನೂರು ಜನರ ಜಾಗದಲ್ಲಿ ಸರಾಸರಿ 131 ಜನ ಇದ್ದರು. ನೂರಕ್ಕೆ 75ಕ್ಕಿಂತ ಜಾಸ್ತಿ ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಸೊರಬದಿಂದಲೋ ಹೊಸನಗರದಿಂದಲೋ ಶಿವಮೊಗ್ಗದ ಸೋಗಾನೆಯ ಕೇಂದ್ರ ಕಾರಾಗೃಹಕ್ಕೆ ಬರುವ ಮನುಷ್ಯನ ಪರವಾಗಿ ಯಾವ ವಿದೇಶಿ ಕೋರ್ಟೂ ಕಿಟಕಿಯ ವಿಡಿಯೊ ಕೇಳುವುದಿಲ್ಲ. ಜಾಮೀನು ಸಿಕ್ಕರೂ ಶ್ಯೂರಿಟಿಗೆ ಪಹಣಿ ಬೇಕು. ಮಲೆನಾಡಿನಲ್ಲಿ ಎಷ್ಟೋ ಮನೆಗಳಿಗೆ ಪಹಣಿಯೇ ಇಲ್ಲ. ಬಗರ್‌ಹುಕುಂ ಅರ್ಜಿ ಕೊಟ್ಟು ಕಾಯುತ್ತಿರುವವರು, ಶರಾವತಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟು ಇನ್ನೂ ಹಕ್ಕುಪತ್ರ ಸಿಗದವರು ಶ್ಯೂರಿಟಿ ಹುಡುಕಿ ನೆಂಟರ ಮನೆ ಮನೆ ತಿರುಗುತ್ತಾರೆ. ಅಷ್ಟು ದಿನ ಜಾಮೀನು ಸಿಕ್ಕ ಮನುಷ್ಯ ಒಳಗೇ ಇರುತ್ತಾನೆ.

ಚೋಕ್ಸಿಗೆ ಸಿಗುವ ಮೂರು ಚದರ ಮೀಟರ್ ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅದೇ ಅಳತೆಪಟ್ಟಿಯನ್ನು ಸೋಗಾನೆಗೂ ಹಿಡಿಯಿರಿ, ಅಳೆದದ್ದನ್ನು ಜನರಿಗೆ ತಿಳಿಸಿ. ಜಾಮೀನಿನ ವಿಚಾರಕ್ಕಂತೂ ದಾರಿ ಆಗಲೇ ಇದೆ. ಜಾಮೀನು ಆಗಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಮನೆಯವರು ಪ್ರಾಧಿಕಾರಕ್ಕೆ ನೇರವಾಗಿ ಹೋಗಿ ಕೇಳಬಹುದು, ದುಡ್ಡು ಕೊಡಬೇಕಿಲ್ಲ.