ಜರ್ಮನ್ ಬಿಯರ್ ಹಾಲ್‌ನಲ್ಲಿ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಪ್ರಶ್ನೆ: ಕಚೇರಿ ಕೆಲಸದ ಮೇಲೆ ಮ್ಯೂನಿಕ್‌ಗೆ ಹೋಗುತ್ತಿದ್ದೇನೆ. ಅಲ್ಲಿನ ಸಹೋದ್ಯೋಗಿಗಳು ಹಳೆಯ ಬಿಯರ್ ಹಾಲ್ ಒಂದಕ್ಕೆ ಊಟಕ್ಕೆ ಕರೆದಿದ್ದಾರೆ. ನಾನು ಸಸ್ಯಾಹಾರಿ, ಬಿಯರನ್ನೂ ಕುಡಿಯುವುದಿಲ್ಲ. ಅಲ್ಲಿ ನನಗೆ ತಿನ್ನಲು ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಆದರೆ ಮ್ಯೂನಿಕ್ ಇರುವ ಬವೇರಿಯ ರಾಜ್ಯದ ಸಾಂಪ್ರದಾಯಿಕ ಅಡುಗೆಯಲ್ಲಿ ಮಾಂಸವು ಕಣ್ಣಿಗೆ ಕಾಣುವ ತುಂಡಾಗಿ ಮಾತ್ರವಲ್ಲ, ಒಗ್ಗರಣೆಯ ಕೊಬ್ಬಾಗಿಯೂ ಬೇಯಿಸುವ ನೀರಾಗಿಯೂ ಸೇರಿಕೊಳ್ಳುತ್ತದೆ ಎಂಬುದನ್ನು ತಿಳಿದುಕೊಂಡೇ ಹೋಗಬೇಕು. ಹೆಸರು ನೋಡಿ ಸಸ್ಯಾಹಾರವೆಂದು ನಂಬುವ ಪದಾರ್ಥಗಳಲ್ಲಿಯೇ ನಮ್ಮವರು ಹೆಚ್ಚಾಗಿ ಮೋಸಹೋಗುವುದು. ಹುಳಿ ಬರಿಸಿದ ಎಲೆಕೋಸು, ಅಂದರೆ ಸೌವರ್‌ಕ್ರೌಟ್, ಅನೇಕ ಕಡೆ ಹಂದಿಯ ಕೊಬ್ಬಿನಲ್ಲಿಯೋ ಅದರ ಉಪ್ಪುಮಾಂಸದ ಚೂರುಗಳೊಂದಿಗೋ ಬೇಯುತ್ತದೆ. ಬವೇರಿಯದ ಆಲೂಗಡ್ಡೆ ಸಲಾಡಿಗೆ ಮಯೊನೀಸ್ ಬದಲು ಬಿಸಿಯಾದ ಮಾಂಸದ ಸಾರು ಸುರಿಯುವುದು ವಾಡಿಕೆ. ದೋಸೆಯಂಥದ್ದನ್ನು ಸಣ್ಣಗೆ ಹೆಚ್ಚಿ ತೇಲಿಬಿಟ್ಟಿರುವ ಸೂಪ್ ನೋಡಲು ನಿರಪಾಯಕಾರಿ, ಆದರೆ ಅದರ ತಿಳಿಸಾರು ಸಾಮಾನ್ಯವಾಗಿ ದನದ ಮೂಳೆಯದು.

ಆದ್ದರಿಂದ ಬಡಿಸುವವರನ್ನು ಎರಡು ಪ್ರಶ್ನೆ ಕೇಳಿರಿ: ಇದರಲ್ಲಿ 'ಶ್ಪೆಕ್' ಇದೆಯೇ, ಮಾಂಸದ 'ಬ್ರ್ಯೂಎ' ಇದೆಯೇ? ಮೊದಲನೆಯದು ಹಂದಿಯ ಕೊಬ್ಬುಮಾಂಸ, ಎರಡನೆಯದು ಸಾರು. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ತುಂಡುಗಳನ್ನು ತೆಗೆದು ಅದೇ ತಟ್ಟೆಯನ್ನು ತಂದಿಡುವ ಸಾಧ್ಯತೆ ಇದೆ. ಮೊಟ್ಟೆಯನ್ನೂ ತಿನ್ನದವರಿಗೆ ಮೆನುವೇ ನೆರವಾಗುತ್ತದೆ. ಅಲರ್ಜಿ ಉಂಟುಮಾಡಬಲ್ಲ 14 ಬಗೆಯ ಪದಾರ್ಥಗಳ ಮಾಹಿತಿಯನ್ನು ಹೋಟೆಲುಗಳು ಗ್ರಾಹಕರಿಗೆ ಒದಗಿಸಬೇಕೆಂಬುದು ಯುರೋಪಿಯನ್ ಒಕ್ಕೂಟದ ನಿಯಮ. ಮೊಟ್ಟೆ ಮತ್ತು ಹಾಲು ಆ ಪಟ್ಟಿಯಲ್ಲಿವೆ. ತಿನಿಸಿನ ಹೆಸರಿನ ಪಕ್ಕದಲ್ಲಿರುವ ಸಣ್ಣ ಅಕ್ಷರಗಳ ಅರ್ಥವನ್ನು ಮೆನುವಿನ ಕೊನೆಯಲ್ಲಿ ನೋಡಿಕೊಳ್ಳಬಹುದು.

ಧೈರ್ಯವಾಗಿ ತರಿಸಿಕೊಳ್ಳಬಹುದಾದವುಗಳಲ್ಲಿ ನನ್ನ ಮೊದಲ ಆಯ್ಕೆ ಒಬಾಟ್ಸ್ಡ. ಹಣ್ಣಾದ ಕಾಮೊಂಬೇರ್ ಚೀಸ್, ಬೆಣ್ಣೆ ಮತ್ತು ಕೆಂಪು ಪಾಪ್ರಿಕಾ ಪುಡಿಯನ್ನು ಒಟ್ಟಿಗೆ ಕಿವುಚಿ, ಕೆಲವೊಮ್ಮೆ ಸ್ವಲ್ಪ ಬಿಯರನ್ನೂ ಸೇರಿಸಿ ಮಾಡುವ ಈ ಕಿತ್ತಳೆ ಬಣ್ಣದ ಮುದ್ದೆಯ ಮೇಲೆ ಹಸಿ ಈರುಳ್ಳಿಯ ಬಿಲ್ಲೆಗಳನ್ನಿಟ್ಟು ಕೊಡುತ್ತಾರೆ. ಬಿಯರ್ ಬೇಡದವರು ಅದನ್ನೂ ಕೇಳಿಕೊಳ್ಳಬೇಕು. ಕಲ್ಲುಪ್ಪು ಅಂಟಿದ ದೊಡ್ಡ ಬ್ರೆಟ್ಸೆನ್ನನ್ನು, ಅಂದರೆ ಗಂಟಿನಾಕಾರದ ಬ್ರೆಡ್ಡನ್ನು, ಮುರಿದು ಅದರಲ್ಲಿ ಅದ್ದಿ ತಿನ್ನಬೇಕು. ಹೊಟ್ಟೆ ತುಂಬುವ ಊಟವೆಂದರೆ ಕೇಸೆ ಶ್ಪೆಟ್ಸ್ಲೆ: ಮೊಟ್ಟೆ ಹಾಕಿದ ಹಿಟ್ಟಿನ ಗಿಡ್ಡ ಶಾವಿಗೆ, ಅದರ ಮೇಲೆ ಕರಗಿದ ಚೀಸ್, ಹುರಿದ ಈರುಳ್ಳಿ. ಹಳೆಯ ಬ್ರೆಡ್ಡಿನ ಉಂಡೆಗಳನ್ನು ಅಣಬೆ ಮತ್ತು ಕೆನೆಯ ಗೊಜ್ಜಿನೊಂದಿಗೆ ಕೊಡುವುದೂ ಉಂಟು, ಅದರಲ್ಲಿಯೂ ಮೊಟ್ಟೆ ಇರುತ್ತದೆ. ಕುಡಿಯಲು ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ಎಲ್ಲೆಡೆ ಸಿಗುತ್ತದೆ. ಮಗ್ಗಿನಲ್ಲಿ ಬಿಯರ್ ಇಲ್ಲವೆಂದು ಸಂಕೋಚಪಡುವ ಅಗತ್ಯ ಖಂಡಿತ ಇಲ್ಲ.

ನೀವು ಹೋಗುವುದು ಬೇಸಿಗೆಯಲ್ಲಾದರೆ, ಸಹೋದ್ಯೋಗಿಗಳಿಗೆ ಹಾಲ್‌ಗೆ ಬದಲಾಗಿ ಬಿಯರ್ ಗಾರ್ಡನ್‌ಗೆ, ಅಂದರೆ ಮರಗಳ ನೆರಳಿನಲ್ಲಿ ಬಯಲಲ್ಲೇ ಕುಳಿತು ಕುಡಿಯುವ ತಾಣಕ್ಕೆ, ಹೋಗೋಣವೆಂದು ಹೇಳಿ ನೋಡಿ. ಅಲ್ಲಿ ನಿಮ್ಮ ಮನೆಯ ಬುತ್ತಿಯನ್ನೇ ಬಿಚ್ಚಿ ಉಣ್ಣಬಹುದು, ಮತ್ತು ಅದು ಯಾರೋ ತೋರಿಸುವ ರಿಯಾಯಿತಿಯಲ್ಲ, ಇನ್ನೂರು ವರ್ಷಗಳ ರೂಢಿ. ಬಿಯರ್ ತಯಾರಕರು ಬೇಸಿಗೆಯ ಬಿಯರನ್ನು ತಂಪಾಗಿಡಲು ನೆಲಮಾಳಿಗೆಗಳನ್ನು ತೋಡಿ, ಮೇಲೆ ನೆರಳಿಗಾಗಿ ಚೆಸ್ಟ್‌ನಟ್ ಮರಗಳನ್ನು ನೆಟ್ಟಿದ್ದರು. ಜನ ಆ ನೆರಳಿಗೇ ಬಂದು ಕುಡಿಯತೊಡಗಿದಾಗ, ತಮ್ಮ ವ್ಯಾಪಾರ ಹೋಯಿತೆಂದು ಊರಿನ ಛತ್ರ-ಹೋಟೆಲಿನವರು ದೂರಿದರು. 1812ರಲ್ಲಿ ಬವೇರಿಯದ ದೊರೆ ಮೊದಲನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್, ಈ ನೆಲಮಾಳಿಗೆಗಳಲ್ಲಿ ಬಿಯರ್ ಮತ್ತು ಬ್ರೆಡ್ ಮಾರಬಹುದು, ಬೇರೆ ಊಟ ಮಾರಕೂಡದು ಎಂದು ಆಜ್ಞೆ ಹೊರಡಿಸಿದ. ಜನ ಊಟವನ್ನು ಮನೆಯಿಂದಲೇ ತರಲಾರಂಭಿಸಿದರು. ಊಟ ಮಾರುವ ನಿರ್ಬಂಧ ಮುಂದೆ ಹೋಯಿತು, ಬುತ್ತಿ ಉಳಿಯಿತು. ಬವೇರಿಯ ಸರ್ಕಾರ 1999ರಲ್ಲಿ ತಂದ ಬಿಯರ್ ಗಾರ್ಡನ್ ನಿಯಮಾವಳಿಯೂ ಅದನ್ನು ಈ ತಾಣಗಳ ಲಕ್ಷಣವೆಂದೇ ಗುರುತಿಸಿದೆ.

ಅಲ್ಲಿನವರ ಬುತ್ತಿಯಲ್ಲಿ ತಪ್ಪದೆ ಕಾಣುವ ವಸ್ತುಗಳಲ್ಲಿ ಬಿಳಿ ಮೂಲಂಗಿಯೂ ಒಂದು. ಸುರುಳಿಯಾಗಿ ತೆಳ್ಳಗೆ ಕೊಯ್ದು, ನಡುನಡುವೆ ಉಪ್ಪು ಉದುರಿಸಿ, ನೀರು ಬಿಡುವವರೆಗೆ ಕಾಯುತ್ತಾರೆ. ಆಗ ಅದರ ಖಾರ ಇಳಿದು, ಬರಿಯ ಕರುಕುರು ಸವಿ ಉಳಿಯುತ್ತದೆ. ಕೋಸಂಬರಿ ತಿಂದು ಬೆಳೆದವರಿಗೆ ಆ ರುಚಿ ಹೊಸದೆನಿಸುವುದಿಲ್ಲ. ಪಕ್ಕದಲ್ಲಿ ನೀವು ಚಿತ್ರಾನ್ನದ ಡಬ್ಬಿ ತೆರೆದರೆ ಯಾರೂ ಆಕ್ಷೇಪಿಸುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ: ಬುತ್ತಿಗೆ ಅವಕಾಶವಿರುವುದು ಹಾಸಿಲ್ಲದ ಬರಿ ಮರದ ಮೇಜುಗಳಲ್ಲಿ. ಬಟ್ಟೆ ಹಾಸಿದ ಮೇಜುಗಳು ಬಡಿಸಿಸಿಕೊಂಡು ಉಣ್ಣುವವರಿಗೆ ಮೀಸಲು. ಪಾನೀಯವನ್ನು ಎಲ್ಲಿ ಕುಳಿತರೂ ಅಲ್ಲಿಯೇ ಕೊಳ್ಳಬೇಕು. ಮಗ್ಗಿಗೆಂದು ಠೇವಣಿ ಪಡೆದಿದ್ದರೆ, ಹೊರಡುವಾಗ ಮಗ್ಗನ್ನು ಹಿಂದಿರುಗಿಸಿ ಆ ಹಣವನ್ನು ವಾಪಸು ಪಡೆಯಿರಿ.