ಫ್ಲೋಟೇಶನ್ ಟ್ಯಾಂಕ್: ಉಪ್ಪುನೀರಿನ ಮೇಲೆ ಒಂದು ಗಂಟೆ

ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಇದು ಗೊತ್ತಿರುತ್ತದೆ. ಗೈಡ್ ಟಾರ್ಚ್ ಹಿಡಿದು ಮುಂದೆ, ನಾವು ತಲೆ ಬಗ್ಗಿಸಿಕೊಂಡು ಹಿಂದೆ. ಕಳೆದ ಸಲ ಹೋದಾಗ ಒಳಕೋಣೆಯಲ್ಲಿ ಗೈಡ್ ನಿಂತು, "ಒಂದು ನಿಮಿಷ ಯಾರೂ ಮಾತಾಡ್ಬ್ಯಾಡ್ರಿ" ಅಂದು ಟಾರ್ಚ್ ಆರಿಸಿದರು. ಕಣ್ಣು ತೆರೆದರೂ ಅದೇ ಕತ್ತಲು, ಮುಚ್ಚಿದರೂ ಅದೇ. ಮೊದಲು ಪಕ್ಕದವರ ಉಸಿರು ಕೇಳಿಸಿತು. ಆಮೇಲೆ ನನ್ನದು. ಸ್ವಲ್ಪ ಹೊತ್ತಿಗೆ ಕಿವಿಯೊಳಗೆ ಎದೆಬಡಿತವೇ ಕೇಳತೊಡಗಿತು.

ಜಲಚಿಕಿತ್ಸೆಯ ಪಾಠದಲ್ಲಿ ಫ್ಲೋಟೇಶನ್ ಟ್ಯಾಂಕ್ ಬಂದಾಗ ನನಗೆ ನೆನಪಾದದ್ದು ಆ ಒಂದು ನಿಮಿಷ. ಬೆಳಕು, ಸದ್ದು ಬಾರದಂತೆ ಮುಚ್ಚಿದ ತೊಟ್ಟಿಯಲ್ಲಿ ಉಪ್ಪುನೀರಿನ ಮೇಲೆ ತೇಲುತ್ತಾ ಮಲಗುವುದು, ಅಷ್ಟೇ ಈ ಟ್ಯಾಂಕ್. ಜೊತೆಗೆ ಓದುತ್ತಿರುವವರಿಗೆ ಉಪಯೋಗವಾಗಲಿ ಅಂತ ನನ್ನ ಟಿಪ್ಪಣಿಯನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಟ್ಯಾಂಕ್ ಮೈಗೆ ಏನು ಕೊಡುತ್ತದೆ ಅಂತ ಹುಡುಕುತ್ತಾ ಹೋದರೆ ವಿಷಯ ಅರ್ಥವಾಗುವುದಿಲ್ಲ. ಮೈಯಿಂದ ಯಾವ ಯಾವ ಕೆಲಸ ಇಳಿಸುತ್ತದೆ ಅಂತ ನೋಡಿ, ಆಗ ಎಲ್ಲ ಸಲೀಸು.

ಶುರುವಾದದ್ದು

1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜಾನ್ ಲಿಲ್ಲಿ ಎಂಬ ವೈದ್ಯರಿಗೆ ಒಂದು ಪ್ರಶ್ನೆ ಇತ್ತು. ಬೆಳಕು, ಸದ್ದು, ಸ್ಪರ್ಶ ಎಲ್ಲ ನಿಲ್ಲಿಸಿಬಿಟ್ಟರೆ ಮಿದುಳು ನಿದ್ದೆಗೆ ಜಾರುತ್ತದಾ? ಅವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೀರಿನೊಳಗೆ ಮುಳುಗಿ ನೋಡಿದರು. ಮಿದುಳು ಮಲಗಲಿಲ್ಲ, ಎಚ್ಚರವಾಗಿಯೇ ಇತ್ತು. ಬೆನ್ನ ಮೇಲೆ ಹಾಯಾಗಿ ಮಲಗುವ ಉಪ್ಪುನೀರಿನ ಟ್ಯಾಂಕ್‌ಗಳು ಮಾರಾಟಕ್ಕೆ ಬಂದದ್ದು 1970ರ ದಶಕದಲ್ಲಿ. ಓದುವಾಗ ‘ರೆಸ್ಟ್’ ಅನ್ನುವ ಹೆಸರು ಸಿಕ್ಕರೆ ಗಾಬರಿ ಬೇಡ. ಹೊರಗಿನ ಪ್ರಚೋದನೆ ತಗ್ಗಿಸುವ ಚಿಕಿತ್ಸೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು.

ತೇಲುವುದು ಹೇಗೆ?

ಇದನ್ನು ಬಾಯಿಪಾಠ ಮಾಡಬೇಡಿ, ಮಾಡಿ ನೋಡಿ. ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ಹಸಿ ಮೊಟ್ಟೆ ಬಿಡಿ. ತಳಕ್ಕೆ ಹೋಗಿ ಮಲಗುತ್ತದೆ. ಈಗ ಅಡುಗೆ ಉಪ್ಪನ್ನು ಚಮಚ ಚಮಚವಾಗಿ ಹಾಕಿ ಮೆಲ್ಲಗೆ ಕದಡಿ. ನಾನು ಮಾಡಿದಾಗ ಮೊಟ್ಟೆ ದಪ್ಪ ತುದಿ ಮೇಲೆ ಮಾಡಿಕೊಂಡು ಸ್ವಲ್ಪ ಅಲುಗಾಡಿತು, ತಳ ಬಿಟ್ಟಿತು, ಇನ್ನೊಂದು ಚಮಚಕ್ಕೆ ಮೇಲೆ ಬಂದು ನೆತ್ತಿ ತೋರಿಸಿತು. ಮೊಟ್ಟೆ ಅದೇ, ಲೋಟ ಅದೇ. ನೀರು ಮಾತ್ರ ಭಾರವಾಗಿದೆ.

ಟ್ಯಾಂಕ್‌ನಲ್ಲೂ ಅಷ್ಟೇ. ಸುಮಾರು 25ರಿಂದ 30 ಸೆಂಟಿಮೀಟರ್ ಆಳದ ನೀರಿಗೆ ಅರ್ಧ ಟನ್ನಿನಷ್ಟು ಎಪ್ಸಮ್ ಉಪ್ಪು ಕರಗಿಸಿರುತ್ತಾರೆ. ಆಗ ನೀರಿನ ಸಾಂದ್ರತೆ 1.25ರ ಆಸುಪಾಸಿಗೆ ಏರುತ್ತದೆ (ಸಾದಾ ನೀರಿನದು 1). ಲೆಕ್ಕ ಹಾಕಿ: 60 ಕಿಲೋ ತೂಕದ ಮನುಷ್ಯ ತೇಲಬೇಕಾದರೆ 60 ಕಿಲೋ ನೀರನ್ನು ಪಕ್ಕಕ್ಕೆ ತಳ್ಳಬೇಕು. ಸಾದಾ ನೀರಲ್ಲಿ ಅದು 60 ಲೀಟರ್, ಅಂದರೆ ಹೆಚ್ಚುಕಡಿಮೆ ಇಡೀ ಮೈ ಮುಳುಗಬೇಕು. ಈ ನೀರಲ್ಲಿ 48 ಲೀಟರ್ ಸಾಕು. ಮೈಯ ಐದನೇ ಒಂದು ಭಾಗ ತಾನಾಗಿಯೇ ಮೇಲೆ ಉಳಿಯುತ್ತದೆ. ಈಜು ಬರಬೇಕಾಗಿಲ್ಲ, ಕೈಕಾಲು ಆಡಿಸಬೇಕಾಗಿಲ್ಲ.

ಇಲ್ಲಿಯೇ ಮೈಗೆ ಸಿಗುವ ಲಾಭವೂ ಇದೆ. ನಾವು ಸುಮ್ನೆ ಕೂತಿದ್ದರೂ ಕತ್ತು, ಬೆನ್ನು, ಸೊಂಟದ ಸ್ನಾಯುಗಳು ಒಂದು ಕ್ಷಣ ಬಿಡದೆ ನಮ್ಮನ್ನು ಎತ್ತಿ ಹಿಡಿದಿರುತ್ತವೆ. ಹಾಸಿಗೆಯಲ್ಲಿ ಮಲಗಿದರೂ ಹಿಮ್ಮಡಿ, ಪೃಷ್ಠ, ಭುಜದ ಮೇಲೆ ಒತ್ತಡ ಇದ್ದೇ ಇರುತ್ತದೆ. ನೀರು ಇಡೀ ಬೆನ್ನಿಗೆ ಸಮವಾಗಿ ಆನಿಕೆ ಕೊಡುವುದರಿಂದ ಈ ಎರಡೂ ಕಡಿಮೆಯಾಗುತ್ತವೆ. ಬಿಗಿದ ಕತ್ತು ಸಡಿಲಾಗುವುದು ಹೀಗೆ.

ನೀರಿನ ಬಿಸಿ ಸುಮಾರು 35 ಡಿಗ್ರಿ. ಯಾಕೆ 37 ಅಲ್ಲ? 37 ದೇಹದ ಒಳಗಿನ ಬಿಸಿ, ಚರ್ಮದ ಬಿಸಿ ಅದಕ್ಕಿಂತ ಕಡಿಮೆ. ಬೇಸಿಗೆ ಮಧ್ಯಾಹ್ನ ನಮ್ಮೂರ ನಲ್ಲಿ ನೀರು ಕೈಗೆ ತಣ್ಣಗೂ ಅನ್ನಿಸುವುದಿಲ್ಲ, ಬಿಸಿಯೂ ಅನ್ನಿಸುವುದಿಲ್ಲ ಅಲ್ವಾ, ಹಾಗೆ. ಅಲ್ಲಾಡದೆ ಇದ್ದರೆ ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಚರ್ಮಕ್ಕೆ ತಿಳಿಯದಂತಾಗುತ್ತದೆ.

ಉಪ್ಪಿನ ಬಗ್ಗೆ ಒಂದು ಎಚ್ಚರ

ಎಪ್ಸಮ್ ಉಪ್ಪು ಅಂದರೆ ಮೆಗ್ನೀಷಿಯಂ ಸಲ್ಫೇಟ್. ಹೊಳಲ್ಕೆರೆ ಕಡೆ ನಮ್ಮ ಮಾವನ ತೋಟದಲ್ಲಿ ಅಡಿಕೆ ಸೋಗೆ ಹಳದಿಗೆ ತಿರುಗಿದಾಗ ಬುಡಕ್ಕೆ ಹಾಕುವುದು ಇದನ್ನೇ. ಎಲೆಯ ಹಸಿರಿಗೆ ಮೆಗ್ನೀಷಿಯಂ ಬೇಕು. ಆದರೆ ಗಿಡ ಬೇರಿಂದ ಹೀರಿದ ಹಾಗೆ ನಮ್ಮ ಚರ್ಮವೂ ಹೀರುತ್ತದೆ ಅಂತ ಬರೆಯಬೇಡಿ. ಚರ್ಮ ಇರುವುದೇ ತಡೆಯುವುದಕ್ಕೆ. ಚರ್ಮದ ಮೂಲಕ ಮೆಗ್ನೀಷಿಯಂ ಕೊರತೆ ನೀಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಇಲ್ಲಿ ಉಪ್ಪಿನ ಕೆಲಸ ನೀರನ್ನು ಭಾರ ಮಾಡುವುದು. ಮತ್ತೆ, ಗೊಬ್ಬರದ ಅಂಗಡಿಯ ಚೀಲ ತಂದು ಸ್ನಾನದ ನೀರಿಗೆ ಹಾಕುವುದು ದಯವಿಟ್ಟು ಬೇಡ. ಅದು ಮೈಗಾಗಿ ತಯಾರಿಸಿದ್ದಲ್ಲ.

ಮನಸ್ಸಿಗೆ

ಅಮೆರಿಕದ ಟಲ್ಸಾ ನಗರದಲ್ಲಿ ಜಸ್ಟಿನ್ ಫೈನ್‌ಸ್ಟೈನ್ ಮತ್ತು ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನ ಚೆನ್ನಾಗಿ ಓದಿಕೊಳ್ಳಿ. ಆತಂಕದ ಕಾಯಿಲೆ ಇದ್ದ 50 ಜನ ಒಂದು ಗಂಟೆ ತೇಲಿದರು. ಹೊರಗೆ ಬಂದಾಗ ಆತಂಕ ಗಣನೀಯವಾಗಿ ಇಳಿದಿತ್ತು. ಆದರೆ ಅದು ಒಂದೇ ಸಲದ, ಆಗಿನ ಹೊತ್ತಿನ ಅಳತೆ. ತೇಲದ ರೋಗಿಗಳ ಜೊತೆ ಹೋಲಿಸಿ ನೋಡಿದ್ದೂ ಅಲ್ಲ. ಹಾಗಾಗಿ "ಆತಂಕ ವಾಸಿಯಾಗುತ್ತದೆ" ಅನ್ನುವಂತಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಅದೇ ತಂಡದ ಇನ್ನೊಂದು ಕೆಲಸ. ಗಾಬರಿ ಸ್ವಭಾವದ 31 ಜನರಿಗೆ ಒಮ್ಮೆ ತೇಲುವ ಅವಕಾಶ, ಇನ್ನೊಮ್ಮೆ ಆರಾಮಾಗಿ ಕೂತು ಪ್ರಕೃತಿಯ ವಿಡಿಯೋ ನೋಡುವುದು. ತೇಲಿದಾಗ ನಿರಾಳ ಜಾಸ್ತಿ, ಬಿ.ಪಿ. ಕಡಿಮೆ. ಜೊತೆಗೆ ಉಸಿರು, ಎದೆಬಡಿತದ ಕಡೆ ಗಮನ ಹೆಚ್ಚಾಗಿತ್ತು. ಗಾಬರಿ ಸ್ವಭಾವದವರಿಗೆ ಎದೆ ಹೊಡೆದುಕೊಳ್ಳುವುದೇ ದೊಡ್ಡ ಭಯ. ಅಂಥವರು ಅದೇ ಬಡಿತವನ್ನು ಮೈ ಸಡಿಲವಾಗಿರುವಾಗ ಕೇಳಿಸಿಕೊಂಡು ಹೆದರದೆ ಇದ್ದರು. ಅಂಕಲಿ ಮಠದ ಕತ್ತಲಲ್ಲಿ ನನಗೆ ಕೇಳಿಸಿದ್ದೂ ಅದೇ ಬಡಿತ. ಇಂದ್ರಿಯಗಳನ್ನು ಒಳಗೆಳೆದುಕೊಳ್ಳುವ ಪ್ರತ್ಯಾಹಾರವನ್ನು ಯೋಗದ ಪಾಠದಲ್ಲಿ ಓದಿದ್ದೇವೆ. ಅಲ್ಲಿ ಅಭ್ಯಾಸದಿಂದ ಬರುವುದಕ್ಕೆ ಇಲ್ಲಿ ಟ್ಯಾಂಕ್ ಹೊರಗಿನಿಂದ ನೆರವಾಗುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ನೋವಿನ ವಿಷಯದಲ್ಲಿ ಫಲಿತಾಂಶ ಇಷ್ಟು ಚೆನ್ನಾಗಿಲ್ಲ. ದೀರ್ಘಕಾಲದ ನೋವಿದ್ದ 99 ಜನರ ಮೇಲೆ ಜರ್ಮನಿಯಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಾತ್ಕಾಲಿಕ ಆರಾಮ ಸಿಕ್ಕಿತು. ಆದರೆ ಹೋಲಿಕೆಗೆಂದು ಇಟ್ಟ ನಕಲಿ ಟ್ಯಾಂಕ್‌ನಲ್ಲಿ ಮಲಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಆರಾಮ ಸಿಕ್ಕಿತ್ತು. ಆರು ತಿಂಗಳ ಮೇಲೆ ನಿಲ್ಲುವಂಥ ಲಾಭ ಕಾಣಲಿಲ್ಲ. ಬೆನ್ನುನೋವಿನವರು ಕೇಳಿದರೆ ಇದನ್ನು ಮುಚ್ಚಿಡದೆ ಹೇಳಬೇಕು.

ಯಾರಿಗೆ ಬೇಡ

ಹತೋಟಿಗೆ ಬರದ ಫಿಟ್ಸ್, ತೆರೆದ ಗಾಯ, ಚರ್ಮದ ಸೋಂಕು, ವಾಂತಿಭೇದಿ ಇದ್ದವರಿಗೆ ಬೇಡ. ಬಿ.ಪಿ. ತೀರಾ ಕಡಿಮೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಅವತ್ತೇ ಶೇವ್ ಮಾಡಿದ್ದರೆ ಉರಿ ತಡೆಯಲಾಗುವುದಿಲ್ಲ. ಕಣ್ಣಿಗೆ ಉಪ್ಪುನೀರು ತಾಗಿದರೆ ಒರೆಸಿಕೊಳ್ಳಲು ಪಕ್ಕದಲ್ಲಿ ಸಾದಾ ನೀರು, ಬಟ್ಟೆ ಇರಲಿ. ಉಪ್ಪು ಇದೆ ಅಂತ ನೀರು ತಾನೇ ಶುದ್ಧವಾಗಿರುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ನಡುವೆ ಸೋಸಿ ಶುದ್ಧ ಮಾಡಲೇಬೇಕು. ಮುಚ್ಚಿದ ಜಾಗಕ್ಕೆ ಹೆದರುವವರಿಗೆ ಬಾಗಿಲು ತೆರೆದಿಟ್ಟು, ಸಣ್ಣ ದೀಪ ಹಚ್ಚಿಟ್ಟು ಶುರು ಮಾಡಿಸಬಹುದು. ಟ್ಯಾಂಕ್ ಬಾಗಿಲಿಗೆ ಚಿಲಕ ಇರುವುದಿಲ್ಲ, ಒಳಗಿಂದ ಕೈಯಲ್ಲಿ ತಳ್ಳಿದರೆ ತೆರೆಯುತ್ತದೆ. ಇದನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಿ, ಆಮೇಲೆ ದೀಪ ಆರಿಸಿ.