ಬಿಳಿ ಹೋದರೆ ಎಲುಬು ಕರಗಲ್ಲ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟಿದಾಗ ಬಿಳಿ ಹೋಗುವುದು ಜಾಸ್ತಿಯಾಯಿತು ಅನ್ನಿ, ಮನೆಯ ಹಿರಿಯರದು ಎರಡೇ ಮಾತು. ಉಷ್ಣ ಆಗಿದೆ, ಇಲ್ಲವೇ ಎಲುಬು ಕರಗಿ ಹೋಗುತ್ತಿದೆ! ಎಲುಬು ಆ ದಾರಿಯಲ್ಲಿ ಹೊರಗೆ ಬರುವುದಿಲ್ಲ. ವಾಸನೆ, ತುರಿಕೆ, ಉರಿ ಇಲ್ಲದ ತೆಳು ಬಿಳಿ ಸ್ರಾವ ರೋಗವೇ ಅಲ್ಲ. ಎರಡು ಮುಟ್ಟಿನ ನಡುವೆ, ಬಸಿರಿನಲ್ಲಿ ಅದು ಹೆಚ್ಚುತ್ತದೆ.

ನನಗೆ ಸೋಜಿಗ ಅನ್ನಿಸುವುದು ಯೋನಿಯ ಒಳಗಿನ ಹುಳಿ. 1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ಅಲ್ಲಿರುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳನ್ನು ವಿವರಿಸಿದ. ಅವೇ ಲ್ಯಾಕ್ಟೊಬ್ಯಾಸಿಲಸ್. ಈಸ್ಟ್ರೋಜನ್ ಹಾರ್ಮೋನು ಯೋನಿಯ ಗೋಡೆಯಲ್ಲಿ ಗ್ಲೈಕೋಜನ್ ಕೂಡಿಡುತ್ತದೆ. ಅದು ಒಡೆದಾಗ ಸಿಗುವ ಸಕ್ಕರೆಯನ್ನು ಇವು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲು ಹೆಪ್ಪಾಗುವಾಗಲೂ ನಡೆಯುವುದು ಇದೇ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3.8–4.5ರ ಮಟ್ಟಕ್ಕೆ ಇಳಿದ ಮೇಲೆ ಬಹಳಷ್ಟು ರೋಗಾಣುಗಳಿಗೆ ಅಲ್ಲಿ ಬಾಳುವೆ ಕಷ್ಟ. (ಹಾಗಂತ ಒಳಗೆ ಮೊಸರು ಹಚ್ಚಬೇಡಿ, ಅದರ ಬ್ಯಾಕ್ಟೀರಿಯಾ ಬೇರೆ ಜಾತಿಯವು.)

ಸ್ನಾನದ ಸೋಪಿನ ಪಿಎಚ್ 9–10. ಒಳಗೆಲ್ಲ ಸೋಪು ಹಾಕಿ, ಆಂಟಿಸೆಪ್ಟಿಕ್ ನೀರು ಹೊಯ್ದು ತೊಳೆದರೆ ಪೆಟ್ಟು ಬೀಳುವುದು ಕಾವಲಿನ ಬ್ಯಾಕ್ಟೀರಿಯಾಗಳಿಗೆ. ಆಗ ಗಾರ್ಡ್ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು ತಲೆ ಎತ್ತುತ್ತವೆ. ಬೂದು ಬಿಳಿ ಸ್ರಾವ, ಮೀನಿನ ವಾಸನೆ. ವಾಸನೆ ಬಂತೆಂದು ಮತ್ತೆ ಸೋಪು! ಹೊರಗೆ ಬರೀ ನೀರು ಸಾಕು, ಒಳಗೆ ಅದೂ ಬೇಡ. ಈ ಮೀನಿನ ವಾಸನೆಯ ಸೋಂಕಿಗೆ ಮದ್ದು ಮೆಟ್ರೊನಿಡಜೋಲ್, ಸಾಮಾನ್ಯವಾಗಿ 7 ದಿನ. ವಾಸನೆ ಹೋಯಿತೆಂದು ಮೂರನೇ ದಿನಕ್ಕೆ ಬಿಡಬಾರದು.

ಕ್ಯಾಂಡಿಡಾ ಎಂಬ ಶಿಲೀಂಧ್ರದ ಕಥೆಯೇ ಬೇರೆ. ಅದಕ್ಕೆ ಹುಳಿಯ ಹೆದರಿಕೆ ಇಲ್ಲ. ಕೆಟ್ಟ ತುರಿಕೆ, ಗಡ್ಡೆಗಡ್ಡೆ ಬಿಳಿ ಸ್ರಾವ. ಸಕ್ಕರೆ ಕಾಯಿಲೆ ಇದ್ದವರಿಗೆ, ಆಂಟಿಬಯಾಟಿಕ್ ತಿಂದವರಿಗೆ ಜಾಸ್ತಿ. ಕ್ಲೋಟ್ರಿಮಜೋಲ್ ಒಳಗಿಡುವ ಮಾತ್ರೆ ಅಥವಾ ನುಂಗುವ 150 ಮಿಲಿಗ್ರಾಂ ಫ್ಲುಕೊನಜೋಲ್ ಕೊಡುತ್ತಾರೆ. ಬಸುರಿಯರಿಗೆ ಈ ನುಂಗುವ ಮಾತ್ರೆ ಬೇಡ. ಮೆಡಿಕಲ್ ಶಾಪಿನಲ್ಲಿ ಪಿಸುಗುಟ್ಟಿ ಕೇಳಿ, ಪೇಪರಿನಲ್ಲಿ ಸುತ್ತಿಸಿಕೊಂಡು ತರುವ ತುರಿಕೆ ಕ್ರೀಮಿನಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ಹಾಯೆನಿಸಿ ಮತ್ತೆ ಕೆರಳುತ್ತದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಮಾತ್ರೆ ಎರಡೂ ಉಚಿತ. ಕೆಳಹೊಟ್ಟೆ ನೋವು, ಜ್ವರ ಇದ್ದರಂತೂ ತಡ ಮಾಡಬೇಡಿ.

ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯ ಸೋಂಕಾದರೆ ನೊರೆ ನೊರೆ ಹಳದಿ-ಹಸಿರು ಸ್ರಾವ. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಗಂಡನೂ ಮಾತ್ರೆ ನುಂಗಬೇಕು. ‘ನನಗೇನಾಗಿದೆ?’ ಅನ್ನುತ್ತಾರೆ ಗಂಡಸರು. ಬಹಳ ಜನಕ್ಕೆ ಏನೂ ಆಗಿರುವುದಿಲ್ಲ ನಿಜ, ಆದರೆ ಜೀವಿ ಮೂತ್ರನಾಳದಲ್ಲಿ ಸುಮ್ನೆ ಕೂತಿರುತ್ತದೆ. ಹೆಂಡತಿ ಗುಣವಾದ ಮೇಲೆ ಮತ್ತೆ ಅಂಟುವುದು ಅಲ್ಲಿಂದಲೇ.